ಜರ್ಮನಿಯ ಯಂತ್ರೋದ್ಯಮವೂ ನಮ್ಮ ಹಂಚಿನ ಮಾಡೂ

ಮಂಗಳೂರಿನಿಂದ ಬಂಟ್ವಾಳದ ಮಾರ್ಗವಾಗಿ ಚಾರ್ಮಾಡಿ ಘಟ್ಟದ ಕಡೆಗೆ ಹೋಗುವವರಿಗೆ, ಬೆಳ್ತಂಗಡಿಯನ್ನು ಮುಟ್ಟುವುದಕ್ಕೆ ಸ್ವಲ್ಪ ಮುಂಚೆ ಗುರುವಾಯನಕೆರೆಯು ಸಿಕ್ಕುವುದು. ಒಂದು ದೊಡ್ಡ ಕೆರೆಯ ಹೆಸರನ್ನು ಹೊತ್ತ, ವೇಣೂರಿನ ದಾರಿಯು ಕವಲೊಡೆಯುವ ಈ ಪೇಟೆಯಲ್ಲಿಯೂ ಸುತ್ತಲಿನ ಗ್ರಾಮಗಳಲ್ಲಿಯೂ ಹಳೆಯ ಮನೆಗಳನ್ನು ಕೆಡವಿ ಕಾಂಕ್ರೀಟಿನ ತಾರಸಿ ಹಾಕಿಸುವ ಕಾರ್ಯವು ಎಡೆಬಿಡದೆ ನಡೆದಿರುವುದನ್ನು ಯಾರೂ ಕಾಣಬಹುದು. ಮಾಡನ್ನು ಬಿಚ್ಚಿದಾಗ ಪಕ್ಕಾಸುಗಳನ್ನು ಒಂದು ಕಡೆ, ರೀಪುಗಳನ್ನು ಒಂದು ಕಡೆ, ಹಂಚುಗಳನ್ನು ಇನ್ನೊಂದು ಕಡೆ ಅಟ್ಟಿಹಾಕುವರು. ಆ ಹಂಚುಗಳಲ್ಲಿ ಒಂದನ್ನು ಕೈಗೆತ್ತಿಕೊಂಡು ಪಾಚಿಯನ್ನು ಉಜ್ಜಿ ತೆಗೆದರೆ ಅದರ ಮೈಮೇಲೆ ಇಂಗ್ಲಿಷ್ ಅಕ್ಷರಗಳು ಮೂಡುವುವು. ಕೆಲವದರ ಮೇಲೆ ಮಂಗಳೂರಿನ ವ್ಯಾಪಾರಿ ಮನೆತನಗಳ ಹೆಸರು, ಕೆಲವದರ ಮೇಲೆ ಕಾಮನ್‌ವೆಲ್ತ್ ಎಂಬ ಮಾತು. ಎಲ್ಲಕ್ಕಿಂತ ಹಳೆಯವುಗಳ ಮೇಲೆ ಬಾಸೆಲ್ ಮಿಶನ್ ಟೈಲ್ ವರ್ಕ್ಸ್, ಮಂಗಳೂರು, 1865 ಎಂಬ ಮುದ್ರೆ. ಈ ಅಂಕೆಯನ್ನು ಕಂಡು ತಮ್ಮ ಮನೆಯ ಹಂಚು 1865ನೆಯ ಇಸವಿಯದೆಂದು ಹೆಮ್ಮೆಪಡುವವರು ಹಲವರಿದ್ದಾರೆ. ಅದು ಕಾರ್ಖಾನೆಯು ಸ್ಥಾಪಿತವಾದ ವರ್ಷವೇ ಹೊರತು ಹಂಚು ಸುಟ್ಟ ವರ್ಷವಲ್ಲ. ಆದರೂ ಆ ವರ್ಷವನ್ನು ಹಿಡಿದು ಹಿಂದಕ್ಕೆ ನಡೆದರೆ, ನಮ್ಮ ಜಿಲ್ಲೆಯ ಮಣ್ಣಿಗೂ ಜರ್ಮನಿಯ ಚರಿತ್ರೆಗೂ ಇರುವ ಒಂದು ಸಂಬಂಧವು ಗೋಚರವಾಗುವುದು. ಆ ಸಂಬಂಧದಲ್ಲಿ ನಾವು ಪಡೆದುದೆಷ್ಟು, ಪಡೆಯದೆ ಹೋದುದೆಷ್ಟು ಎಂಬುದನ್ನು ಲೆಕ್ಕಹಾಕುವುದೇ ಈ ಲೇಖನದ ಉದ್ದೇಶ.

ಮಾಡಿನ ಪ್ರಶ್ನೆಯು ಮಳೆಯ ನಾಡಿನಲ್ಲಿ ಸಣ್ಣ ಪ್ರಶ್ನೆಯಲ್ಲ. ಅರಸರೂ ಶ್ರಾವಕರೂ ಕಟ್ಟಿಸಿದ ಬಸದಿಗಳಿಗೆ ಕಲ್ಲಿನ ಚಪ್ಪಡಿಗಳನ್ನೇ ಇಳಿಜಾರಾಗಿ ಹೊದಿಸಿ, ಮರದ ಮಾಡಿನ ರೂಪವನ್ನು ಶಿಲೆಯಲ್ಲಿ ಸ್ಥಿರಗೊಳಿಸಿದರು. ಮೂಡುಬಿದಿರೆಯಲ್ಲಿ 1430ರಲ್ಲಿ ಎದ್ದ ಸಾವಿರ ಕಂಬದ ಬಸದಿಯನ್ನೂ, ಕಾರ್ಕಳದ ಚತುರ್ಮುಖ ಬಸದಿಯನ್ನೂ ಕಂಡವರಿಗೆ ಇದು ಗೊತ್ತು. ಗುರುವಾಯನಕೆರೆಯ ಮಂಟಪವನ್ನೂ ಸ್ತಂಭವನ್ನೂ ಜೇಮ್ಸ್ ಫರ್ಗ್ಯುಸನ್ ಎಂಬ ಪಂಡಿತನು 1876ರಲ್ಲಿ ಪ್ರಕಟವಾದ ತನ್ನ ವಾಸ್ತುಶಿಲ್ಪದ ಗ್ರಂಥದಲ್ಲಿ ಚಿತ್ರಸಹಿತವಾಗಿ ವರ್ಣಿಸಿದ್ದಾನೆ. ಆದರೆ ಶಿಲೆಯು ದೇವರಿಗೆ. ಒಕ್ಕಲಿಗೆ ಮುಳಿಹುಲ್ಲು, ತೆಂಗಿನ ಮಡಲು. ಕುಂಬಾರರು ತಟ್ಟಿ ಸುಟ್ಟ ಓಡುಗಳು ಉಳ್ಳವರ ಮನೆಗಳಿಗಷ್ಟೇ ಎಟುಕುತ್ತಿದ್ದುವು. ಹುಲ್ಲಿನ ಮಾಡನ್ನು ವರ್ಷವರ್ಷವೂ ಮಳೆಗಾಲಕ್ಕೆ ಮುನ್ನ ಹೊಸತಾಗಿ ಹೊದಿಸಬೇಕು; ಬೇಸಗೆಯಲ್ಲಿ ಒಂದು ಕಿಡಿ ಬಿದ್ದರೆ ಕೇರಿಗೆ ಕೇರಿಯೇ ಬೂದಿ. ಈ ಸ್ಥಿತಿಯನ್ನು ಬದಲಾಯಿಸಿದ ವಸ್ತುವು ರಾಜಾಜ್ಞೆಯಿಂದಲೂ ಬರಲಿಲ್ಲ, ಬ್ರಿಟಿಷ್ ವ್ಯಾಪಾರಿಗಳಿಂದಲೂ ಬರಲಿಲ್ಲ. ಅದು ಬಂದುದು ತೆಂಕಣ ಜರ್ಮನಿಯ ಒಂದು ಬಡ ಸಂಸ್ಥಾನದ ಜನರ ಕೈಯಿಂದ.

1834ನೆಯ ಇಸವಿಯು ಇಲ್ಲಿ ಮುಖ್ಯವಾದುದು. ಆ ವರ್ಷದ ಜನವರಿ 1ರಂದು ಜರ್ಮನಿಯ ಸುಂಕದ ಒಕ್ಕೂಟವು ಜಾರಿಗೆ ಬಂದಿತು. ಅದೇ ವರ್ಷದ ಅಕ್ಟೋಬರದಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಪಾದ್ರಿಗಳು ಮಂಗಳೂರಿಗೆ ಬಂದಿಳಿದರು. ಇವೆರಡು ಘಟನೆಗಳಿಗೆ ನೇರವಾದ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸುವುದು ತಪ್ಪಾದೀತು. ಆದರೆ ಎರಡೂ ಒಂದೇ ನೆಲದಿಂದ, ಒಂದೇ ಬಗೆಯ ಬಡತನದಿಂದ ಹುಟ್ಟಿದುವು.

ಅಂದಿನ ಜರ್ಮನಿ ಎಂಬುದು ಒಂದು ರಾಷ್ಟ್ರವೇ ಆಗಿರಲಿಲ್ಲ. ನೆಪೋಲಿಯನ್ನನ ಪತನವಾದ ಮೇಲೆ 1815ರಲ್ಲಿ ಏರ್ಪಟ್ಟ ಒಕ್ಕೂಟದಲ್ಲಿ ಸುಮಾರು 39 ಸಂಸ್ಥಾನಗಳಿದ್ದುವು. ಪ್ರತಿಯೊಂದಕ್ಕೂ ತನ್ನದೇ ಸುಂಕದ ಕಟ್ಟೆ, ತನ್ನದೇ ನಾಣ್ಯ, ತನ್ನದೇ ತೂಕ ಅಳತೆ. ಒಂದು ಗಾಡಿ ಬಟ್ಟೆಯು ಉತ್ತರದಿಂದ ದಕ್ಷಿಣಕ್ಕೆ ಸಾಗುವಷ್ಟರಲ್ಲಿ ಸುಂಕದ ಕಟ್ಟೆಗಳಲ್ಲಿಯೇ ಅದರ ಲಾಭವು ಕರಗಿಹೋಗುತ್ತಿತ್ತು. ಇಂಗ್ಲೆಂಡಿನ ಗಿರಣಿಗಳ ಅಗ್ಗದ ನೂಲು ಮಾತ್ರ ಬಂದರುಗಳ ಮೂಲಕ ಒಳನುಗ್ಗಿ, ಮನೆಮನೆಯ ಮಗ್ಗವನ್ನು ನಿಲ್ಲಿಸುತ್ತಲಿತ್ತು. ಈ ವರ್ಣನೆಯನ್ನು ಓದುವ ನಮ್ಮವರಿಗೆ ಇದು ಎಲ್ಲಿಯೋ ಕೇಳಿದ ಕಥೆಯಂತೆ ತೋರಿದರೆ ಆಶ್ಚರ್ಯವಿಲ್ಲ. ನೈರುತ್ಯದ ವುರ್ಟೆಂಬರ್ಗ್ ಸಂಸ್ಥಾನದ ಪಾಡಂತೂ ಮತ್ತಷ್ಟು ಕಷ್ಟಕರವಾಗಿತ್ತು. ಅಲ್ಲಿನ ಬಹುಭಾಗದಲ್ಲಿ ತಂದೆಯ ಹೊಲವನ್ನು ಮಕ್ಕಳೆಲ್ಲರಿಗೂ ಸಮನಾಗಿ ಪಾಲುಮಾಡುವ ಪದ್ಧತಿಯಿದ್ದುದರಿಂದ ಹಿಡುವಳಿಗಳು ತುಂಡುತುಂಡಾಗಿ, ರೈತನು ಅರ್ಧ ಒಕ್ಕಲಿಗ, ಅರ್ಧ ಕುಶಲಕರ್ಮಿಯಾಗಿ ಬದುಕಬೇಕಾಗಿತ್ತು. 1816 ಮತ್ತು 1817ರ ಕ್ಷಾಮದಲ್ಲಿ ಸಹಸ್ರಾರು ಜನರು ನಾಡು ತೊರೆದರು. ದೈವಭಕ್ತಿ, ಮಿತವ್ಯಯ, ಕೈಕೆಲಸದ ಗೌರವ ಇವು ಮೂರೂ ಅಲ್ಲಿನ ಜನರಲ್ಲಿ ಒಂದಾಗಿ ಬೆರೆತಿದ್ದುವು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಮಿಶನ್ನಿಗೆ ಸೇರಿದ ತರುಣರಲ್ಲಿ ಹೆಚ್ಚಿನವರು ಈ ವುರ್ಟೆಂಬರ್ಗಿನ ರೈತರ, ಕಮ್ಮಾರರ, ನೇಕಾರರ ಮಕ್ಕಳೇ. 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ತಳಹದಿ ಹಾಕಿದ ಮೋಗ್ಲಿಂಗ್ ಸಾಹೇಬರೂ ಆ ನಾಡಿನವರೇ.

ಅದೇ ವುರ್ಟೆಂಬರ್ಗಿನ ರಾಯ್ಟ್ಲಿಂಗೆನ್ ಎಂಬ ಊರಿನಲ್ಲಿ 1789ರಲ್ಲಿ ಒಬ್ಬ ಚರ್ಮ ಹದಮಾಡುವವನ ಮಗನಾಗಿ ಹುಟ್ಟಿದವನು ಫ್ರೀಡ್ರಿಕ್ ಲಿಸ್ಟ್. ನಮ್ಮ ದೇಶದ ರಾಷ್ಟ್ರೀಯ ಅರ್ಥಶಾಸ್ತ್ರಕ್ಕೆ ಈತನು ಒಬ್ಬ ಗುರುವೆಂದರೆ ಸಲ್ಲುವುದು. ಸಂಸ್ಥಾನದ ಅಧಿಕಾರಿಗಳನ್ನು ಟೀಕಿಸಿ ಸೆರೆಮನೆಯನ್ನು ಕಂಡು, ಅಮೇರಿಕಕ್ಕೆ ದೇಶಾಂತರ ಹೋಗಿ, ಹಿಂದಿರುಗಿ ಬಂದು, ಸುಂಕದ ಐಕ್ಯಕ್ಕಾಗಿಯೂ ರೈಲುದಾರಿಗಾಗಿಯೂ ಜೀವಮಾನವೆಲ್ಲ ಹೋರಾಡಿದನು. 1841ರಲ್ಲಿ ಪ್ರಕಟವಾದ ಅವನ ಮುಖ್ಯ ಗ್ರಂಥದ ತಿರುಳು ಇಷ್ಟೇ: ಸಂಪತ್ತಿಗಿಂತಲೂ ಸಂಪತ್ತನ್ನು ಹುಟ್ಟಿಸುವ ಶಕ್ತಿಯು ದೊಡ್ಡದು, ಅಗ್ಗದ ಸಾಮಾನನ್ನು ಪರದೇಶದಿಂದ ಕೊಳ್ಳುವ ಜನಾಂಗವು ಇಂದು ಹಣವನ್ನು ಉಳಿಸಿ ನಾಳೆ ಕೈಯನ್ನೇ ಕಳೆದುಕೊಳ್ಳುವುದು, ಎಳೆಯ ಉದ್ಯಮವನ್ನು ಬೆಳೆಯುವವರೆಗೆ ಸಂರಕ್ಷಿಸುವುದು ಸರಕಾರದ ಧರ್ಮ. ತಾನು ಬಯಸಿದ ಐಕ್ಯವನ್ನು ಕಣ್ಣಾರೆ ಕಾಣದೆ, ಸಾಲದಲ್ಲಿಯೂ ರೋಗದಲ್ಲಿಯೂ ಬೆಂದು, 1846ರಲ್ಲಿ ತನ್ನ ಕೈಯಿಂದಲೇ ಪ್ರಾಣವನ್ನು ಕಳೆದುಕೊಂಡನು.

ಜರ್ಮನಿಯು ಆಗ ಎಷ್ಟು ಹಿಂದುಳಿದಿತ್ತೆಂಬುದಕ್ಕೆ ಒಂದೇ ದೃಷ್ಟಾಂತ ಸಾಕು. ಆ ದೇಶದ ಮೊದಲನೆಯ ಉಗಿಬಂಡಿಯ ರೈಲು 1835ರ ಡಿಸೆಂಬರದಲ್ಲಿ ನ್ಯೂರೆಂಬರ್ಗಿನಿಂದ ಫ್ಯೂರ್ತ್ ಊರಿಗೆ ಸುಮಾರು 6 ಕಿಲೋಮೀಟರು ಓಡಿತು. ಅದರ ಎಂಜಿನನ್ನು ಇಂಗ್ಲೆಂಡಿನಲ್ಲಿ ಸ್ಟೀವನ್‌ಸನ್ನನ ಕಾರ್ಖಾನೆಯಿಂದ ತರಿಸಬೇಕಾಯಿತು. ಓಡಿಸುವವನನ್ನೂ ಇಂಗ್ಲೆಂಡಿನಿಂದಲೇ ಕರೆಸಬೇಕಾಯಿತು. ಆದರೆ ಆರೇ ವರ್ಷಗಳಲ್ಲಿ, 1841ರಲ್ಲಿ, ಬರ್ಲಿನ್ನಿನ ಬೋರ್ಸಿಗ್ ಎಂಬವನು ತನ್ನ ಕಮ್ಮಟದಲ್ಲಿಯೇ ಎಂಜಿನನ್ನು ಕಟ್ಟಿದನು. ತರಿಸುವುದು, ಬಿಚ್ಚಿ ನೋಡುವುದು, ತಾನೇ ಮಾಡುವುದು ಎಂಬ ಈ ಮೂರು ಹೆಜ್ಜೆಗಳಲ್ಲಿ ಜರ್ಮನಿಯ ಯಂತ್ರೋದ್ಯಮದ ಚರಿತ್ರೆಯು ಅಡಗಿದೆ. ವುರ್ಟೆಂಬರ್ಗಿನಲ್ಲಿ ಸರಕಾರವೇ ಇದಕ್ಕೆ ಮುಂದಾಯಿತು. 1848ರಲ್ಲಿ ಅಲ್ಲಿ ಕೈಗಾರಿಕೆ ಮತ್ತು ವ್ಯಾಪಾರದ ಒಂದು ಕೇಂದ್ರ ಕಚೇರಿಯು ಸ್ಥಾಪಿತವಾಗಿ, ಸ್ಟೈನ್‌ಬೈಸ್ ಎಂಬ ದಕ್ಷ ಅಧಿಕಾರಿಯು ಅದರ ಜೀವಾಳವಾದನು. ಅವನು ಹೊರದೇಶಗಳಿಂದ ಮಾದರಿಯ ಯಂತ್ರಗಳನ್ನು ತರಿಸಿ ಕುಶಲಕರ್ಮಿಗಳ ಕಣ್ಣಿಗೆ ಬೀಳುವಂತೆ ಮಾಡಿದನು. ಕೆಲಸ ಕಲಿಯುವ ಹುಡುಗರಿಗೆ ಸಾಯಂಕಾಲದಲ್ಲಿಯೂ ಭಾನುವಾರದಲ್ಲಿಯೂ ಶಾಲೆಗಳನ್ನು ತೆರೆಸಿದನು. ಕಲ್ಲಿದ್ದಲಾಗಲಿ ಕಬ್ಬಿಣವಾಗಲಿ ಹೇರಳವಾಗಿಲ್ಲದ ಆ ಸಂಸ್ಥಾನವು ಕ್ರಮೇಣ ಸೂಕ್ಷ್ಮಯಂತ್ರಗಳ ತವರೆನಿಸಿತು.

ಇತ್ತ ಮಂಗಳೂರಿನಲ್ಲಿ ಮಿಶನ್ನಿನವರಿಗೆ ಎದುರಾದುದು ಬೇರೆಯದೇ ಬಗೆಯ ತೊಡಕು. ಅವರ ಮತವನ್ನು ಸ್ವೀಕರಿಸಿದವರಲ್ಲಿ ಬಿಲ್ಲವರೇ ಮೊದಲಾದವರು ಹೆಚ್ಚು. ಮತಾಂತರಗೊಂಡೊಡನೆ ಅವರು ಮನೆತನದ ಆಸ್ತಿಯ ಹಕ್ಕನ್ನೂ ಜಾತಿಯ ಆಶ್ರಯವನ್ನೂ ಕಳೆದುಕೊಂಡರು. ಶೇಂದಿ ತೆಗೆಯುವ ಕಸುಬನ್ನು ಪಾದ್ರಿಗಳೇ ಬಿಡಿಸಿದರು. ಹೊಟ್ಟೆಗೆ ದಾರಿ ತೋರದೆ ಧರ್ಮವನ್ನು ಬೋಧಿಸುವುದು ಸಾಧ್ಯವಾಗಲಿಲ್ಲ. ಬೇಸಾಯವನ್ನು ಹಚ್ಚಿನೋಡಿದರು, ಕಾಫಿಯನ್ನು ನೆಟ್ಟು ನೋಡಿದರು, ಗಡಿಯಾರದ ಕೆಲಸವನ್ನು ಕೂಡ ಕಲಿಸಲು ಹೊರಟರು, ಇವು ನೆಲೆಗೊಳ್ಳಲಿಲ್ಲ. 1851ರಲ್ಲಿ ಬಂದ ಹಾಲರ್ ಸಾಹೇಬರು ಯೂರೋಪಿನ ಮಾದರಿಯ ಮಗ್ಗಗಳನ್ನು ಹೂಡಿದ ಮೇಲೆ ನೇಯ್ಗೆಯು ಕೈಹಿಡಿಯಿತು. ಖಾಕಿ ಬಣ್ಣವನ್ನು ಕಂಡುಹಿಡಿದವರು ಇವರೇ ಎಂಬ ಮಾತು ನಮ್ಮ ಊರಿನಲ್ಲಿ ಪ್ರಸಿದ್ಧವಾಗಿದೆ. ಆದರೆ ಪಂಜಾಬಿನ ಗಡಿಯ ಗೈಡ್ಸ್ ಪಡೆಯವರು ಇದಕ್ಕೂ ಮೊದಲೇ ಆ ಬಣ್ಣದ ಉಡುಪನ್ನು ತೊಡುತ್ತಿದ್ದರಾದುದರಿಂದ ಈ ಮಾತನ್ನು ಪೂರ್ತಿಯಾಗಿ ಒಪ್ಪುವುದು ಕಷ್ಟ. ಮಂಗಳೂರಿನ ನೇಯ್ಗೆಯ ಮನೆಯಲ್ಲಿ ಒಳ್ಳೆಯ ಖಾಕಿಯು ತಯಾರಾಗುತ್ತಿತ್ತೆಂದರೆ ಸಾಕು, ಅಷ್ಟೇ ಗೌರವದ ಸಂಗತಿ.

ಹಂಚಿನ ಕಥೆಗೆ ಬರೋಣ. ಪ್ಲೆಬ್ಸ್ಟ್ ಸಾಹೇಬರು ಮಿಶನ್ನಿನ ಮುದ್ರಣಾಲಯದ ಕೆಲಸಕ್ಕಾಗಿ ಬಂದ ಯಂತ್ರಜ್ಞರು. ನೇತ್ರಾವತಿ ಮತ್ತು ಗುರುಪುರ ನದಿಗಳ ದಡದ ಜೇಡಿಮಣ್ಣು ಅವರ ಕಣ್ಣಿಗೆ ಬಿದ್ದಿತು. ಅದನ್ನು ಪರೀಕ್ಷಿಸಿ, ಯೂರೋಪಿನಲ್ಲಿ ಹಂಚಿನ ವಿದ್ಯೆಯನ್ನು ಅಭ್ಯಾಸಮಾಡಿ, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆಯನ್ನು ತೆರೆದರು. ಅಲ್ಲಿ ತಯಾರಾದುದು ಕುಂಬಾರನ ಓಡಿನಂತೆ ಒಂದರ ಮೇಲೊಂದು ಹೇರುವ ಹಂಚಲ್ಲ. ಅಂಚಿನಲ್ಲಿ ತೋಡೂ ದಿಂಡೂ ಇದ್ದು, ಒಂದರ ಕೈಯನ್ನು ಇನ್ನೊಂದು ಹಿಡಿದುಕೊಳ್ಳುವ ಹಂಚು. ಇದರ ಮೂಲವನ್ನು ಹುಡುಕಿದರೆ ಬಾಸೆಲಿಗೆ ಸಮೀಪದ ಆಲ್ಸೇಸ್ ಪ್ರಾಂತದ ಆಲ್ಟ್‌ಕಿರ್ಕ್ ಎಂಬ ಊರಿಗೆ ಹೋಗಬೇಕಾಗುವುದು. ಅಲ್ಲಿನ ಜಿಲಾರ್ಡೋನಿ ಸಹೋದರರು 1841ರಲ್ಲಿ ಇಂಥ ಹಂಚಿಗೆ ಹಕ್ಕುಪತ್ರವನ್ನು ಪಡೆದಿದ್ದರು. ಅಂದು ಫ್ರಾನ್ಸಿನದಾಗಿದ್ದ ಆ ಪ್ರಾಂತವು 1871ರಲ್ಲಿ ಜರ್ಮನಿಯ ಪಾಲಾಗಿ, 1918ರ ಸೋಲಿನ ತರುವಾಯ ಮರಳಿ ಫ್ರಾನ್ಸಿಗೆ ಸೇರಿತು. ಫ್ರೆಂಚರ ಹಂಚು, ಜರ್ಮನರ ಕೈ, ತುಳುನಾಡಿನ ಮಣ್ಣು. ವಿದ್ಯೆಗೆ ಗಡಿಯಿಲ್ಲ, ಗಡಿಯಿರುವುದು ಅದರ ಒಡೆತನಕ್ಕೆ.

ಇದರ ತಯಾರಿಯ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಂಚಿನ ಮನೆಯಲ್ಲಿ ಹುಟ್ಟಿ ಬೆಳೆದ ನಮ್ಮಲ್ಲಿ ಹಲವರಿಗೆ ಅದು ತಿಳಿಯದು. ಗದ್ದೆಯಿಂದಲೋ ನದಿಯ ದಡದಿಂದಲೋ ದೋಣಿಗಳಲ್ಲಿ ಬಂದ ಮಣ್ಣನ್ನು ರಾಶಿಹಾಕಿ ಕೆಲವು ಕಾಲ ಹದವಾಗಲು ಬಿಡುವರು. ಬೇರೆಬೇರೆ ಕಡೆಯ ಮಣ್ಣುಗಳನ್ನು ಬೆರೆಸಿ, ಕಲ್ಲು ಬೇರುಗಳನ್ನು ತೆಗೆದು, ಅರೆಯುವ ಯಂತ್ರದಲ್ಲಿ ಬೆಣ್ಣೆಯಂತೆ ನುಣ್ಣಗಾಗುವವರೆಗೆ ಅರೆಯುವರು. ಅದನ್ನು ಹಲಗೆಯಂಥ ತುಂಡುಗಳನ್ನಾಗಿ ಕತ್ತರಿಸಿ, ಎಣ್ಣೆ ಸವರಿದ ಅಚ್ಚಿನ ನಡುವೆ ಇಟ್ಟು ಒತ್ತಿದರೆ, ತೋಡು, ದಿಂಡು, ಮುದ್ರೆಯ ಅಕ್ಷರ ಎಲ್ಲವೂ ಒಂದೇ ಒತ್ತಿಗೆ ಮೂಡುವುವು. ಹಸಿ ಹಂಚನ್ನು ನೆರಳಿನಲ್ಲಿ ಹಲಗೆಗಳ ಮೇಲೆ ಒಣಗಿಸುವುದೇ ಅತ್ಯಂತ ನಾಜೂಕಿನ ಕೆಲಸ. ಬಿಸಿಲು ತಾಕಿದರೆ ಸೊಟ್ಟಗಾಗುವುದು, ಆರುವುದಕ್ಕೆ ಮುಂಚೆ ಬೆಂಕಿಗಿಟ್ಟರೆ ಸೀಳುವುದು. ಆಮೇಲೆ ಗೂಡಿನಲ್ಲಿ ಸುಡುವುದು. ಬರ್ಲಿನ್ನಿನ ಹಾಫ್‌ಮನ್ ಎಂಬ ಶಿಲ್ಪಿಯು 1858ರಲ್ಲಿ ಹಕ್ಕುಪತ್ರ ಪಡೆದ ಉಂಗುರದ ಆಕಾರದ ಗೂಡು ಕರಾವಳಿಯ ಅನೇಕ ಕಾರ್ಖಾನೆಗಳಿಗೆ ಬಂದಿತು. ಇದರಲ್ಲಿ ಬೆಂಕಿಯು ಒಂದು ಕೋಣೆಯಿಂದ ಮುಂದಿನ ಕೋಣೆಗೆ ಸುತ್ತುತ್ತಾ ಸಾಗುವುದು. ಬೆಂದು ತಣಿಯುತ್ತಿರುವ ಹಂಚಿನ ಕಾವು ವ್ಯರ್ಥವಾಗದೆ ಮುಂದಿನ ಹಸಿ ಹಂಚಿಗೆ ಒದಗುವುದು. ಹಳೆಯ ಆವಿಗೆಯಂತೆ ಉರಿಸಿ, ಆರಿಸಿ, ಮತ್ತೆ ಹೊತ್ತಿಸುವ ನಷ್ಟವಿಲ್ಲ. ನೂರು ಚದರಡಿ ಮಾಡಿಗೆ ಸುಮಾರು 150 ಹಂಚು ಸಾಕಾಗುವುದು. ಭಾರ ಕಡಿಮೆಯಾದುದರಿಂದ ಮರದ ಖರ್ಚೂ ಕಡಿಮೆ. ಬಡವನಿಗೆ ಎಟುಕುವ ಗಟ್ಟಿಯಾದ ಮಾಡೊಂದು ಹೀಗೆ ಸಿದ್ಧವಾಯಿತು.

ಕೋಳಿಕ್ಕೋಡು, ಕುದ್ರೋಳಿ, ಮಲ್ಪೆ, ಪಾಲಕ್ಕಾಡು, ಫೆರೋಕ್ ಮೊದಲಾದ ಕಡೆಗಳಲ್ಲಿ ಮಿಶನ್ನಿನ ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಎದ್ದುವು. ಎತ್ತುಗಳು ತಿರುಗಿಸುತ್ತಿದ್ದ ಯಂತ್ರಕ್ಕೆ ಉಗಿಯ ಬಲ ಬಂದಿತು. ಕಬ್ಬಿಣದ ಕೆಲಸಕ್ಕೆ ಒಂದು ಯಂತ್ರಶಾಲೆಯೂ ಮಂಗಳೂರಿನಲ್ಲಿ ತೆರೆಯಿತು. ಮಂಗಳೂರಿನ ಹಂಚು ಮಂಜಿಗಳಲ್ಲಿಯೂ ಹಡಗುಗಳಲ್ಲಿಯೂ ಮುಂಬಯಿ, ಸಿಂಹಳ, ಬರ್ಮಾ, ಪೂರ್ವ ಆಫ್ರಿಕಗಳಿಗೆ ಸಾಗಿತು. ನಮ್ಮವರೂ ಸುಮ್ಮನೆ ಕುಳಿತಿರಲಿಲ್ಲ. ಬಂಟ್ವಾಳ ತಾಲೂಕಿನ ಪಾಣೆಮಂಗಳೂರಿನಲ್ಲಿ 1868ರಲ್ಲಿಯೇ ಆಲ್ಬುಕರ್ಕ್ ಮನೆತನದವರು ದೇಶೀಯರ ಮೊದಲನೆಯ ಹಂಚಿನ ಕಾರ್ಖಾನೆಯನ್ನು ಹೂಡಿದರೆಂದು ಹೇಳುವರು. ಶತಮಾನವು ಮುಗಿಯುವಷ್ಟರಲ್ಲಿ ಕ್ರೈಸ್ತರೂ ಹಿಂದೂಗಳೂ ಕೂಡಿ ನಡೆಸುತ್ತಿದ್ದ ಖಾಸಗಿ ಕಾರ್ಖಾನೆಗಳು ಸಂಖ್ಯೆಯಲ್ಲಿ ಮಿಶನ್ನಿನವನ್ನು ಮೀರಿದ್ದುವು. ಘಟ್ಟದ ಬುಡದ ಕಾಡುಗಳ ಸೌದೆಯು ಈ ಗೂಡುಗಳಲ್ಲಿ ಉರಿಯಿತು. ಸ್ವದೇಶೀ ಎಂಬ ಮಾತು ದೇಶದಲ್ಲಿ ಘೋಷವಾಗುವುದಕ್ಕೆ ದಶಕಗಳ ಮುಂಚೆಯೇ ತುಳುನಾಡಿನ ವ್ಯಾಪಾರಿಯು ಪರರ ವಿದ್ಯೆಯನ್ನು ನೋಡಿ ಕಲಿತು ತನ್ನ ಹೆಸರನ್ನು ಹಂಚಿನ ಮೇಲೆ ಒತ್ತಿದ್ದನು.

ಹಾಗಿದ್ದರೆ ಕೊರತೆಯಾದುದು ಎಲ್ಲಿ? ಇಲ್ಲಿ ಲಿಸ್ಟನನ್ನು ಮತ್ತೆ ಸ್ಮರಿಸಬೇಕು. 1892ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾರತೀಯ ಅರ್ಥಶಾಸ್ತ್ರದ ಮೇಲೆ ಉಪನ್ಯಾಸವನ್ನು ಕೊಟ್ಟ ಮಹಾದೇವ ಗೋವಿಂದ ರಾನಡೆಯವರು ಲಿಸ್ಟನ ಮತವನ್ನು ಆದರದಿಂದ ಎತ್ತಿಕೊಂಡರು. ಆದರೆ ಲಿಸ್ಟನಲ್ಲಿ ಒಂದು ದೊಡ್ಡ ಲೋಪವಿದೆ. ಯಂತ್ರೋದ್ಯಮವು ಶೀತೋಷ್ಣ ದೇಶಗಳಿಗೆ ಸಹಜವಾದುದೆಂದೂ, ಉಷ್ಣ ದೇಶಗಳು ಕಚ್ಚಾ ಸಾಮಗ್ರಿಯನ್ನು ಬೆಳೆದು ಒದಗಿಸಬೇಕೆಂದೂ ಅವನು ಬರೆದಿದ್ದಾನೆ. ತನ್ನ ದೇಶವನ್ನು ಇಂಗ್ಲೆಂಡಿನ ತೊತ್ತಾಗಲು ಬಿಡೆನೆಂದು ಗರ್ಜಿಸಿದವನು ನಮ್ಮನ್ನು ಮಾತ್ರ ತೊತ್ತಿನ ಸ್ಥಾನದಲ್ಲಿಯೇ ಕೂರಿಸಿದನು! ಉಷ್ಣವಲಯವು ಬೆಳೆಯುವುದು, ಶೀತವಲಯವು ತಯಾರಿಸುವುದು ಎಂಬ ಈ ಹಂಚಿಕೆಯನ್ನು ರಾನಡೆಯವರು ಒಪ್ಪಲಿಲ್ಲ. ಅವರ ವಾದಕ್ಕೆ ಜೆಪ್ಪುವಿನ ಗೂಡಿಗಿಂತ ಒಳ್ಳೆಯ ಸಾಕ್ಷ್ಯವಿರಲಿಲ್ಲ. ವರ್ಷಕ್ಕೆ 150 ಅಂಗುಲದ ಮೇಲ್ಪಟ್ಟು ಮಳೆ ಸುರಿಯುವ ಉಷ್ಣ ದೇಶದಲ್ಲಿ, ನಿನ್ನೆಯವರೆಗೆ ತಾಳೆಮರ ಹತ್ತುತ್ತಿದ್ದವನು ಇಂದು ಅಚ್ಚಿನ ಯಂತ್ರದ ಮುಂದೆ ನಿಂತು ಯೂರೋಪಿನ ಹಂಚಿಗೆ ಸರಿಸಾಟಿಯಾದ ಹಂಚನ್ನು ಒತ್ತುತ್ತಿದ್ದನು. ಕೈಯಲ್ಲಿಯೂ ಕೊರತೆಯಿರಲಿಲ್ಲ, ಬುದ್ಧಿಯಲ್ಲಿಯೂ ಇರಲಿಲ್ಲ. ಇಲ್ಲದೆ ಹೋದುದು ಸ್ಟೈನ್‌ಬೈಸನಂಥ ಅಧಿಕಾರಿಯೂ ಅವನ ಬೆನ್ನಿಗೆ ನಿಂತ ಸರಕಾರವೂ.

ಮದರಾಸು ಸರಕಾರದಲ್ಲಿ ಅಂಥ ಒಬ್ಬ ಅಧಿಕಾರಿಯು ಇರಲಿಲ್ಲವೆಂದಲ್ಲ. ಆಲ್ಫ್ರೆಡ್ ಚ್ಯಾಟರ್‌ಟನ್ ಎಂಬವರು ಅಲ್ಯೂಮಿನಿಯಮ್ ಪಾತ್ರೆ, ಕ್ರೋಮ್ ಚರ್ಮ ಮೊದಲಾದ ಉದ್ಯಮಗಳನ್ನು ಸರಕಾರದ ಖರ್ಚಿನಲ್ಲಿ ಪ್ರಯೋಗಮಾಡಿ ತೋರಿಸಿದರು. 1908ರಲ್ಲಿ ಉದಕಮಂಡಲದಲ್ಲಿ ಕೈಗಾರಿಕಾ ಸಮ್ಮೇಳನವೂ ನಡೆಯಿತು. ಯೂರೋಪಿಯನ್ ವ್ಯಾಪಾರಿಗಳು ಕೂಗೆಬ್ಬಿಸಿದರು. ಭಾರತ ಮಂತ್ರಿಯಾಗಿದ್ದ ಮಾರ್ಲೆಯು 1910ರಲ್ಲಿ, ಸರಕಾರವು ಉದ್ಯಮಗಳನ್ನು ನಡೆಸಕೂಡದೆಂದು ಅಪ್ಪಣೆ ಕಳುಹಿಸಿದನು. ಚ್ಯಾಟರ್‌ಟನ್ನರು ಮೈಸೂರು ಸಂಸ್ಥಾನವನ್ನು ಸೇರಿದರು. ಘಟ್ಟದ ಕೆಳಗಿನ ನಾವು ಮದರಾಸಿನ ಪ್ರಜೆಗಳಾಗಿದ್ದುದರಿಂದ ನಮಗೆ ಉಳಿದುದು ಅಪ್ಪಣೆ. ಘಟ್ಟದ ಮೇಲಿನವರಿಗೆ ದೊರೆತುದು ಮನುಷ್ಯ.

ಇದರ ಫಲವು ಜರ್ಮನಿಯೊಡನೆ ಯುದ್ಧವು ಸಂಭವಿಸಿದಾಗ ಕಣ್ಣಿಗೆ ಕಟ್ಟುವಂತೆ ತೋರಿತು. ಮೈಸೂರಿನ ಗಂಧದ ಮರಕ್ಕೆ ಜರ್ಮನಿಯೇ ಮುಖ್ಯ ಗಿರಾಕಿಯಾಗಿತ್ತು. ಕೊರಡನ್ನು ನಾವು ಮಾರುತ್ತಿದ್ದೆವು, ಎಣ್ಣೆಯನ್ನು ಅವರು ಬಟ್ಟಿಯಿಳಿಸುತ್ತಿದ್ದರು. 1914ರಲ್ಲಿ ಆ ವ್ಯಾಪಾರವು ನಿಂತುಹೋಯಿತು. ದಿವಾನ ವಿಶ್ವೇಶ್ವರಯ್ಯನವರ ಸರಕಾರವು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಬೆಂಗಳೂರಿನ ವಿಜ್ಞಾನ ಮಂದಿರದ ರಸಾಯನಶಾಸ್ತ್ರಜ್ಞರ ನೆರವಿನಿಂದ ಚ್ಯಾಟರ್‌ಟನ್ನರು 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಯನ್ನು ತೆರೆದರು. ಮರುವರ್ಷ ಮೈಸೂರಿನಲ್ಲಿ ಮತ್ತೊಂದು. ಅದರ ಬೆನ್ನಿಗೆ ಸಾಬೂನಿನ ಕಾರ್ಖಾನೆಯೂ ಬಂದಿತು. ಮೈಸೂರು ಸ್ಯಾಂಡಲ್ ಸೋಪು ಇಂದಿಗೂ ಕರ್ನಾಟಕ ಸರಕಾರದ ಸ್ವತ್ತು.

ಮಂಗಳೂರಿನಲ್ಲಿ ಆದುದೇನು? ಜರ್ಮನ್ ಪಾದ್ರಿಗಳನ್ನು ಶತ್ರುದೇಶದವರೆಂದು ಹಿಡಿದು ಅಹಮ್ಮದ್‌ನಗರದ ಶಿಬಿರ ಮುಂತಾದೆಡೆಗಳಲ್ಲಿ ಇಟ್ಟರು. ಮಿಶನ್ನಿನ ಕಾರ್ಖಾನೆಗಳನ್ನು ಸರಕಾರವು ವಶಪಡಿಸಿಕೊಂಡು, ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಗೆ ಒಪ್ಪಿಸಿತು. ಅರ್ಧ ಶತಮಾನಕ್ಕೂ ಮೇಲ್ಪಟ್ಟು ಆ ಗೂಡುಗಳಲ್ಲಿ ಬೆವರು ಸುರಿಸಿದ ನಮ್ಮ ಜನರ ಕೈಗೆ ಅವುಗಳನ್ನು ಕೊಡಬಹುದೆಂಬ ಯೋಚನೆಯು ಯಾರಿಗೂ ಹೊಳೆಯಲಿಲ್ಲ. ಒಬ್ಬ ಪರಕೀಯನ ಮುದ್ರೆಯನ್ನು ಅಳಿಸಿ ಇನ್ನೊಬ್ಬ ಪರಕೀಯನ ಮುದ್ರೆಯನ್ನು ಒತ್ತಿದರು. ಗುರುವಾಯನಕೆರೆಯ ರಸ್ತೆಬದಿಯಲ್ಲಿ ಅಟ್ಟಿಹಾಕಿದ ಹಂಚುಗಳಲ್ಲಿ ಎರಡು ಬಗೆಯ ಮುದ್ರೆಗಳು ಕಾಣುವುದಕ್ಕೆ ಇದೇ ಕಾರಣ.

ಜರ್ಮನಿಯ ಯಂತ್ರೋದ್ಯಮವನ್ನು ಬರಿದೇ ಕೊಂಡಾಡುವುದೂ ಸರಿಯಲ್ಲ. ಹಂಚನ್ನು ಕೊಟ್ಟ ಜರ್ಮನಿಯೇ ನಮ್ಮ ನೀಲಿಯನ್ನು ಕಸಿದುಕೊಂಡಿತು. ಬೇಯರ್ ಎಂಬ ರಸಾಯನಶಾಸ್ತ್ರಜ್ಞನು 1880ರಲ್ಲಿ ಪ್ರಯೋಗಶಾಲೆಯಲ್ಲಿ ನೀಲಿಯನ್ನು ರಚಿಸಿದನು, ಬಿ.ಎ.ಎಸ್.ಎಫ್. ಕಂಪೆನಿಯವರು ಸುಮಾರು 180 ಲಕ್ಷ ಮಾರ್ಕುಗಳನ್ನು ಸುರಿದು, 1897ರಲ್ಲಿ ಅದನ್ನು ಮಾರುಕಟ್ಟೆಗೆ ಇಳಿಸಿದರು. ಕೆಲವೇ ವರ್ಷಗಳಲ್ಲಿ ಬಿಹಾರದ ನೀಲಿ ಬೆಳೆಯು ಕುಸಿಯಿತು. ತೋಟದ ದೊರೆಗಳು ತಮ್ಮ ನಷ್ಟವನ್ನು ಒಕ್ಕಲುಗಳ ತಲೆಗೆ ಕಟ್ಟಲು ಹೊರಟರು. 1917ರಲ್ಲಿ ಚಂಪಾರಣ್ಯಕ್ಕೆ ಗಾಂಧೀಜಿಯವರು ಹೋಗಬೇಕಾಗಿ ಬಂದುದರ ಹಿಂದೆ ಈ ಕಾರಣವೂ ಇತ್ತು. ಮುಂದೆ ಅದೇ ರಸಾಯನೋದ್ಯಮವು ಹಿಟ್ಲರನ ಕೈಯ ಆಯುಧವಾಗಿ ಮಾನವಕುಲವೇ ತಲೆತಗ್ಗಿಸುವ ಕೃತ್ಯಗಳಲ್ಲಿ ಪಾಲುಗೊಂಡಿತು. ಉತ್ಪಾದಕ ಶಕ್ತಿಯು ತನ್ನಷ್ಟಕ್ಕೆ ಧರ್ಮವನ್ನು ಅರಿಯದು. ಆದರೆ ಅದಿಲ್ಲದವನು ಧರ್ಮವನ್ನು ಮಾತನಾಡಿದರೆ ಕೇಳುವವರು ಕಡಮೆ ಎಂಬುದನ್ನೂ ನಾವು ಬಲ್ಲೆವು.

ನಮ್ಮ ಜಿಲ್ಲೆಯಲ್ಲಿ ಹಣವಿರಲಿಲ್ಲವೆಂದು ಹೇಳುವಂತಿಲ್ಲ. 1906ರಲ್ಲಿ ಒಂದೇ ವರ್ಷದಲ್ಲಿ ಮಂಗಳೂರಿನಲ್ಲಿ ಕೆನರಾ, ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕುಗಳು ಹುಟ್ಟಿದುವು; ತರುವಾಯ ಸಿಂಡಿಕೇಟ್, ವಿಜಯಾ. ಜರ್ಮನಿಯಲ್ಲಿ ಬ್ಯಾಂಕು ಕಾರ್ಖಾನೆಯ ಕೈಹಿಡಿಯಿತು. 1870ರಲ್ಲಿ ಹುಟ್ಟಿದ ಡಾಯ್ಚ ಬ್ಯಾಂಕು ಸೀಮೆನ್ಸನ ವಿದ್ಯುತ್ ಉದ್ಯಮದ ಬೆನ್ನಿಗೆ ನಿಂತಿತು. ನಮ್ಮಲ್ಲಿ ಪೈಸೆಪೈಸೆಯಾಗಿ ಕೂಡಿಸಿದ ಠೇವಣಿಯು ದೇಶದ ಮೂಲೆಮೂಲೆಗೆ ಹೋಯಿತು. ಪಕ್ಕದ ಗೂಡಿನವನು ಮರ ಉರಿಸುವ ಹಳೆಯ ಪದ್ಧತಿಯಲ್ಲಿಯೇ ಉಳಿದನು. ಇಂದು ಆ ನಾಲ್ಕರಲ್ಲಿ ಮೂರು ಬ್ಯಾಂಕುಗಳ ಹೆಸರೂ ಇಲ್ಲ. 2019ರಲ್ಲಿ ಒಂದು, 2020ರಲ್ಲಿ ಎರಡು ಇತರ ಬ್ಯಾಂಕುಗಳಲ್ಲಿ ಲೀನವಾದುವು.

ಹಂಚಿನ ಉದ್ಯಮದ ಇಳಿಗಾಲವು ಒಂದೇ ದಿನದಲ್ಲಿ ಬರಲಿಲ್ಲ. ಸೌದೆಯು ದುರ್ಲಭವಾಯಿತು; ಜೇಡಿಮಣ್ಣಿನ ಗದ್ದೆಗಳು ಮನೆನಿವೇಶನಗಳಾದುವು, ಮಣ್ಣು ತೆಗೆಯುವುದಕ್ಕೆ ನಿರ್ಬಂಧಗಳು ಬಂದುವು; ಕಾಂಕ್ರೀಟಿನ ತಾರಸಿಯು ಅಂತಸ್ತಿನ ಗುರುತಾಯಿತು. ನೇತ್ರಾವತಿಯ ದಡದಲ್ಲಿ ಸಾಲಾಗಿ ನಿಂತಿದ್ದ ಹೊಗೆಗೊಳವೆಗಳಲ್ಲಿ ಹೆಚ್ಚಿನವು ಇಂದು ಹೊಗೆಯುಗುಳುವುದಿಲ್ಲ. ಇವೆಲ್ಲ ಸಹಜ ಕಾರಣಗಳೇ ಎಂದು ಸಮಾಧಾನಪಟ್ಟುಕೊಳ್ಳಬಹುದು. ಆದರೆ ಜರ್ಮನಿಯಲ್ಲಿಯೂ ಸೌದೆ ದುಬಾರಿಯಾಯಿತು, ಅಲ್ಲಿಯೂ ಕಾಂಕ್ರೀಟು ಬಂದಿತು. ಅಲ್ಲಿ ಮಣ್ಣಿನ ಹಂಚಿನ ಉದ್ಯಮವು ಅನಿಲದ ಗೂಡು, ಹೊಸ ಅಚ್ಚು, ಮೆರುಗಿನ ಹೊಸ ಬಗೆಗಳನ್ನು ಕಂಡುಕೊಂಡು ಇಂದಿಗೂ ನಡೆದಿದೆ. ನಾವು 1865ರ ಹಂಚನ್ನು ಚೆನ್ನಾಗಿ ಒತ್ತಲು ಕಲಿತೆವು. ಅದರ ಮುಂದಿನ ಹಂಚನ್ನು ರಚಿಸುವ ಪ್ರಯೋಗಶಾಲೆಯನ್ನು ಕಟ್ಟಲಿಲ್ಲ.

ವುರ್ಟೆಂಬರ್ಗಿನಿಂದ ಕನ್ನಡನಾಡಿಗೆ ಎರಡನೆಯ ಸಲ ಬಂದ ಉದ್ಯಮದ ಕಥೆಯನ್ನೂ ಇಲ್ಲಿ ಹೇಳಬೇಕು. ಉಲ್ಮ್ ನಗರದ ಬಳಿಯ ಹಳ್ಳಿಯಲ್ಲಿ 1861ರಲ್ಲಿ ಹುಟ್ಟಿದ ರಾಬರ್ಟ್ ಬಾಷ್ ಎಂಬವನು 1886ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಒಂದು ಚಿಕ್ಕ ಕಮ್ಮಟವನ್ನು ತೆರೆದನು. ಜರ್ಮನಿಯ ಸಾಮಾನು ಕೀಳೆಂದು ತೋರಿಸಲು ಇಂಗ್ಲೆಂಡಿನವರು 1887ರಲ್ಲಿ ಕಾಯಿದೆ ಮಾಡಿ, ಆಮದಾದ ಸರಕಿನ ಮೇಲೆ ದೇಶದ ಹೆಸರನ್ನು ಒತ್ತಬೇಕೆಂದು ವಿಧಿಸಿದ ಕಾಲವದು. ಕೆಲವೇ ವರ್ಷಗಳಲ್ಲಿ ಅದೇ ಗುರುತು ಉತ್ತಮಿಕೆಯ ಮುದ್ರೆಯಾಗಿ ಪರಿಣಮಿಸಿತು. ಬಾಷನ ಕಂಪೆನಿಯ ಸಹಯೋಗದಿಂದ 1951ರಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪೆನಿಯು, ಅಂದರೆ ಮೈಕೋ, ಹುಟ್ಟಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಗೊಂಡಿತು. ಈ ಸಲ ಸ್ವತಂತ್ರ ಸರಕಾರವಿತ್ತು; ಸಂರಕ್ಷಣೆಯ ಸುಂಕವಿತ್ತು; ಕೆಲಸ ಕಲಿಯುವ ಹುಡುಗರಿಗೆ ಕಾರ್ಖಾನೆಯೊಳಗೇ ತರಬೇತಿಯ ಶಾಲೆಯಿತ್ತು. ಆ ಶಾಲೆಯಲ್ಲಿ ಅರ ಹಿಡಿಯಲು ಕಲಿತವರಲ್ಲಿ ಕೆಲವರು ಪೀಣ್ಯದಂಥ ಕಡೆಗಳಲ್ಲಿ ಸ್ವಂತ ಕಮ್ಮಟಗಳನ್ನು ಹೂಡಿದರು. ಆಡುಗೋಡಿಗೂ ಜೆಪ್ಪುವಿಗೂ ಇರುವ ವ್ಯತ್ಯಾಸವು ಮಣ್ಣಿಗೂ ಉಕ್ಕಿಗೂ ಇರುವ ವ್ಯತ್ಯಾಸವಲ್ಲ.

ಗುರುವಾಯನಕೆರೆಯ ಹಳೆಯ ಹಂಚುಗಳಿಗೆ ಈಗ ಹೊಸ ಗಿರಾಕಿಗಳು ಹುಟ್ಟಿಕೊಂಡಿದ್ದಾರೆ. ಪೇಟೆಗಳಿಂದ ಲಾರಿಗಳನ್ನು ತಂದು, ಒಡೆಯದ ಹಂಚನ್ನು ಆಯ್ದು, ವಿಶ್ರಾಂತಿಧಾಮಗಳಿಗೂ ಶ್ರೀಮಂತರ ತೋಟದ ಮನೆಗಳಿಗೂ ಸಾಗಿಸುವರು. ಬಾಸೆಲ್ ಮಿಶನ್ನಿನ ಮುದ್ರೆಯುಳ್ಳ ಹಂಚಿಗೆ ಬೆಲೆ ಹೆಚ್ಚು. ಬಿಚ್ಚಿ ಕೊಡುವ ಮನೆಯವನು ತಾರಸಿಯ ಮೇಲೆ ಬೇಸಗೆಯ ಸೆಕೆಯನ್ನು ತಾಳಲಾರದೆ, ಎರಡು ವರ್ಷಗಳ ತರುವಾಯ ಅದರ ಮೇಲೊಂದು ತಗಡಿನ ಮಾಡನ್ನು ಹಾಕಿಸಿಕೊಳ್ಳುವನು. ಆ ತಗಡಿನ ಬಣ್ಣ ಕೆಂಪು. ಅದರ ಮೇಲೆ ಹಂಚಿನ ಆಕಾರವನ್ನು ಒತ್ತಿರುತ್ತಾರೆ.